ಎಂಟು ಇಪ್ಪತ್ತೈದರ ಬಸ್ಸಿನಲ್ಲಿ ಸನ್ಮಾನ

ಸೆಪ್ಟೆಂಬರ್ 8, ಸೋಮವಾರ. ಬಿ.ಪಿ. 146/94

ಕಂಪನಿಯ ಡಾಕ್ಟರಮ್ಮ ದಿನಚರಿ ಬರೆಯಲು ಹೇಳಿದ್ದಾರೆ. ಮಾತ್ರೆ ಶುರು ಮಾಡುವ ಮೊದಲು ಎರಡು ತಿಂಗಳು ನೋಡೋಣ, ದಿನಾ ಬಿ.ಪಿ. ಎಷ್ಟು, ಸಿಟ್ಟು ಯಾತಕ್ಕೆ ಬಂತು, ಎರಡನ್ನೂ ಬರೆದಿಡಿ ಅಂದರು. ನನಗೆ ಸಿಟ್ಟೇ ಬರುವುದಿಲ್ಲ ಅಂದೆ. ಆಕೆ ಅದನ್ನೂ ಬರೆದುಕೊಂಡರು.

ಇವತ್ತು ಸಿಟ್ಟು ಬಂದಿಲ್ಲ. ಬೇಕಾದರೆ ಒಂದು ಸತ್ಕಾರ್ಯ ಮಾಡಿದ್ದನ್ನು ಬರೆಯುತ್ತೇನೆ. ಮನೆಯಿಂದ ನಿಶಿ ಕಸಾಯಿ ಮೆಟ್ರೋ ಸ್ಟೇಷನ್ನಿಗೆ ಹೋಗುವ ಎಂಟು ಇಪ್ಪತ್ತೈದರ ಬಸ್ಸಿನಲ್ಲಿ ಒಬ್ಬ ಮುದುಕರು ಕಂಬ ಹಿಡಿದು ನಿಂತಿದ್ದರು. ಎಪ್ಪತ್ತೈದರ ಮೇಲೆ. ನಾನು ತಕ್ಷಣ ಎದ್ದು ದೋಝೋ, ದಯವಿಟ್ಟು ಕೂತುಕೊಳ್ಳಿ ಅಂದೆ. ಬೇಡ ಅಂದರು. ನಾನೇನು ಜಪಾನಿಗೆ ಹೊಸಬನೇ? ಆರು ವರ್ಷದ ಹಿಂದೆ ಕಂಪನಿ ಕೊಟ್ಟ ಶಿಷ್ಟಾಚಾರದ ತರಬೇತಿಯಲ್ಲಿ ಹದಿನಾಲ್ಕನೇ ಸ್ಲೈಡೇ ಇತ್ತು: ಜಪಾನಿಗಳು ಎರಡು ಸಲ ಬೇಡ ಅನ್ನುತ್ತಾರೆ, ಮೂರನೇ ಸಲ ಒಪ್ಪುತ್ತಾರೆ. ನಮ್ಮಲ್ಲಿ ಮಾತ್ರ ಬೇರೆಯೇ? ಊಟಕ್ಕೆ ಕೂತವನು ಸಾಕು ಅಂದ ಕೂಡಲೇ ಸೌಟು ಎತ್ತಿಕೊಂಡು ಹೋಗುವವರನ್ನು ನಾನು ಕಂಡಿಲ್ಲ. ಎರಡನೇ ಸಲ ಕೇಳಿದೆ, ಬೇಡ. ಮೂರನೇ ಸಲ, ಬೇಡ. ನಾಲ್ಕು, ಐದು. ಆರನೇ ಸಲಕ್ಕೆ ಮುದುಕರು ಕಿಟಕಿ ಕಡೆ ತಿರುಗಿದರು. ಒಂದು ಸ್ಟಾಪ್ ಮೊದಲೇ ಇಳಿದುಬಿಟ್ಟರು.

ಪಾಪ, ಸಂಕೋಚ. ನಾಳೆ ಒಪ್ಪಿಸುತ್ತೇನೆ.

ಸೆಪ್ಟೆಂಬರ್ 9, ಮಂಗಳವಾರ. 148/94

ಒಪ್ಪಲಿಲ್ಲ. ನಾನು ಎದ್ದವನು ಮತ್ತೆ ಕೂರುವುದಾದರೂ ಹೇಗೆ? ಮರ್ಯಾದೆಯ ಪ್ರಶ್ನೆ. ಅವರೂ ನಿಂತರು, ನಾನೂ ನಿಂತೆ. ಬಸ್ಸಿನಲ್ಲಿ ಜನ ಕಿಕ್ಕಿರಿದಿದ್ದರೂ ನಡುವೆ ಆ ಸೀಟು ಮಾತ್ರ ಖಾಲಿ. ಯಾರೂ ಅದರ ಹತ್ತಿರ ಸುಳಿಯಲಿಲ್ಲ. ಸೀಟು ಖಾಲಿ ಇದ್ದರೆ ದಯವಿಟ್ಟು ಕುಳಿತುಕೊಳ್ಳಿ ಎಂದು ಡ್ರೈವರ್ ಮೈಕಿನಲ್ಲಿ ಹೇಳಿದ. ಮುದುಕರು ಸೀಟಿಗೇ ತಲೆ ಬಾಗಿಸಿ ಸುಮಿಮಾಸೆನ್, ಕ್ಷಮಿಸಿ, ಅಂದರು. ಕೂರಲಿಲ್ಲ.

ನೀರಜಾಗೆ ಹೇಳಿದೆ. "ಬೇಡ ಅಂದ್ರೆ ಬಿಟ್ಬಿಡ್ಬೇಕಪ್ಪ. ನಿಮಗ್ಯಾಕ್ರೀ ಇಲ್ಲದ ಉಸಾಬರಿ?" ಅಂದಳು. ಹೆಂಡತಿಯ ಮಾತಿಗೆ ಸಿಟ್ಟು ಬರಲಿಲ್ಲ ಎಂಬುದನ್ನು ಡಾಕ್ಟರಮ್ಮ ಗಮನಿಸಬೇಕು.

ಸೆಪ್ಟೆಂಬರ್ 11, ಗುರುವಾರ. 149/96

ಸೀಟು ಕೊಳೆಯಾಗಿದೆ ಅಂದುಕೊಂಡಿರಬಹುದೇ ಎಂದು ಇವತ್ತು ಕರ್ಚೀಫಿನಿಂದ ಒರೆಸಿಯೇ ಕರೆದೆ. ಮುದುಕರ ಮುಖ ಕೆಂಪಾಯಿತು. ಎದುರು ಸೀಟಿನ ಹುಡುಗಿ ಫೋನು ಎತ್ತಿ ಹಿಡಿದಿದ್ದಳು. ನನ್ನ ಸೌಜನ್ಯ ಅವಳಿಗಾದರೂ ಮೆಚ್ಚುಗೆಯಾಯಿತಲ್ಲ.

ಸಂಜೆ ಮೈಸೂರಿನಿಂದ ಅಮ್ಮ ಫೋನ್ ಮಾಡಿದ್ದಳು. ಮಹಡಿ ಮನೆ ಬಾಡಿಗೆಗೆ ಕೇಳಿಕೊಂಡು ಇಬ್ಬರು ಬಂದಿದ್ದರಂತೆ, ಇಬ್ಬರೂ ಟೀಚರುಗಳು, ಒಳ್ಳೆಯವರ ಹಾಗೆ ಕಂಡರಂತೆ. ಯಾವ ಜನ ಅಂದೆ. ಹೇಳಿದಳು. ಬೇಡ, ನಮ್ಮವರಿಗೆ ಮಾತ್ರ ಕೊಡು, ಆಮೇಲೆ ಅಡುಗೆಮನೆ ತೊಳೆಯುವವರು ಯಾರು ಅಂದೆ. ಸರಿ ಅಂದಳು.

ಮಗಳು ಯಾಮಿನಿಗೆ ಗಣಿತದಲ್ಲಿ ತೊಂಬತ್ತೆಂಟು. ಜಪಾನಿ ಶಾಲೆಯ ನಾಲ್ಕನೇ ಕ್ಲಾಸಿನಲ್ಲಿ ಈಗ ಮೀನಿನ ಹಾಗೆ ಓಡಾಡಿಕೊಂಡಿದ್ದಾಳೆ. ಮೊದಲ ವರ್ಷ ದಿನಾ ಅಳು. ಶಾಲೆಯ ಮುಂದೆ ಹಳದಿ ಬಾವುಟ ಹಿಡಿದು ಮಕ್ಕಳನ್ನು ರಸ್ತೆ ದಾಟಿಸುವ ಸ್ವಯಂಸೇವಕ ತಾತ ಒಬ್ಬರು ಇದ್ದಾರಂತೆ. ಅವರು ಇವಳ ಹೆಸರನ್ನು ಸರಿಯಾಗಿ ಕಲಿತು, ದಿನಾ ಹೆಸರು ಹಿಡಿದು ಕರೆಯತೊಡಗಿದ ಮೇಲೆ ಅಳು ನಿಂತಿತು. ಬಾವುಟದ ತಾತ ಅಂದರೆ ಅವಳಿಗೆ ಪ್ರಾಣ. ನಾನು ಆತನನ್ನು ನೋಡಿಲ್ಲ. ಶಾಲೆಯ ಕಡೆಯದೆಲ್ಲ ನೀರಜಾಳದ್ದೇ ಉಸ್ತುವಾರಿ.

ಸೆಪ್ಟೆಂಬರ್ 15, ಸೋಮವಾರ. 156/98

ಇವತ್ತು ಇಲ್ಲಿ ಹಿರಿಯರನ್ನು ಗೌರವಿಸುವ ದಿನ, ರಜ. ಬೆಳಿಗ್ಗೆ ಉಮಾಶಂಕರ್ ಫೋನು. ಇಲ್ಲಿಯ ಕನ್ನಡಿಗರ ವಾಟ್ಸಾಪ್ ಗುಂಪಿನ ಅಡ್ಮಿನ್, ಎರಡು ಬ್ಲಾಕ್ ಆಚೆ ಮನೆ. "ಹರಿ, ನೀನು ಫೇಮಸ್ ಆಗ್ಹೋದೆ ಕಣಯ್ಯ" ಅಂದ.

ಆ ಹುಡುಗಿ ತೆಗೆದ ವಿಡಿಯೋ. ಕೆಳಗೆ ಜಪಾನಿಯಲ್ಲಿ, "ಹಿರಿಯರಿಗೆ ಆಜ್ಞೆ ಮಾಡುವ ವಿದೇಶಿ." ನಾಲ್ಕು ಲಕ್ಷ ಜನ ನೋಡಿದ್ದಾರೆ. ಕಮೆಂಟು ಓದಬೇಡಿ ಅಂದಳು ನೀರಜಾ. ಓದಿದೆ. ವಾಪಸ್ಸು ಕಳಿಸಿ. ಸಾಂಬಾರಿನ ವಾಸನೆ. ಇವರು ಹೆಚ್ಚಾಗಿಬಿಟ್ಟಿದ್ದಾರೆ. ಒಬ್ಬ ನನ್ನನ್ನು ನೇಪಾಳಿ ಅಂದಿದ್ದಾನೆ! ಅದನ್ನು ಓದಿದಾಗ ಎಲ್ಲದಕ್ಕಿಂತ ಹೆಚ್ಚು ಉರಿಯಿತು.

ನಮ್ಮ ಗುಂಪಿನಲ್ಲೂ ಸುದ್ದಿ ಹತ್ತಿಕೊಂಡಿತು. ಮುದುಕ ಯಾಕೆ ಕೂರಲಿಲ್ಲ ಎಂಬುದಕ್ಕೆ ಉಮಾಶಂಕರನೇ ತೀರ್ಪು ಕೊಟ್ಟ: ಭಾರತೀಯ ಕೂತು ಎದ್ದ ಸೀಟು ಅವನಿಗೆ ಮೈಲಿಗೆ. ಮನುಷ್ಯ ಕೂತ ಜಾಗವನ್ನು ಮೈಲಿಗೆ ಅನ್ನುವವರು ಈ ಕಾಲದಲ್ಲೂ ಇದ್ದಾರೆಯೇ? ಎಂಥ ಹೊಲಸು ಮನಸ್ಸು.

ಸೆಪ್ಟೆಂಬರ್ 16, ಮಂಗಳವಾರ. 158/99

ಯಾಮಿನಿ ವಿಡಿಯೋ ನೋಡಿಬಿಟ್ಟಳು. ಶಾಲೆಯಲ್ಲಿ ಯಾರೋ ತೋರಿಸಿದ್ದಾರೆ. ಬಂದವಳೇ ಬ್ಯಾಗು ಎಸೆದು, "ಅಪ್ಪ, that's ಬಾವುಟದ ತಾತ!" ಅಂದಳು.

ಅವರ ಹೆಸರು ಕಿನೋಶಿತಾ. ಬೆಳಗಿನ ಬಾವುಟದ ಕೆಲಸ ಮುಗಿಸಿ ಆ ಬಸ್ಸು ಹತ್ತುತ್ತಾರಂತೆ. ನಾನು ತಣ್ಣಗಾಗಿ, ಹಾಗಾದರೆ ಯಾಕೆ ಕೂರುವುದಿಲ್ಲ ಪುಟ್ಟಿ ಅಂದೆ.

"I know why. ಆದ್ರೆ ಹೇಳಲ್ಲ. ಪ್ರಾಮಿಸ್ ಮಾಡಿದೀನಿ."

"ಅಪ್ಪನ ಹತ್ರಾನೂ ಹೇಳಬಾರ್ದಾ?"

"ಯಾರತ್ರಾನೂ. ನೀನು ಅವರನ್ನ ಕೇಳು. But politely, ಓಕೆ?"

ನನಗೆ ಅರ್ಥವಾಯಿತು. ಕೇಳಿದರೆ ಅಪ್ಪನಿಗೆ ನೋವಾಗುವಂಥದ್ದನ್ನೇ ಆ ಮನುಷ್ಯ ಹೇಳಿರಬೇಕು. ಹತ್ತು ವರ್ಷದ ಮಗು ಅದನ್ನು ಹೊಟ್ಟೆಯೊಳಗಿಟ್ಟುಕೊಂಡು ಓಡಾಡುತ್ತಿದೆ. ಮಗುವಿನ ಹೆಸರು ಕಲಿತು ನಗುನಗುತ್ತಾ ಕರೆಯುವುದು, ಅಪ್ಪ ಕೂತ ಸೀಟಿಗೆ ಮೂಗು ಮುರಿಯುವುದು. ಈ ಜನವೇ ಹೀಗೆ. ಮೇಲೆ ಬಾಗುವುದು, ಒಳಗೆ ಬೇರೆ.

ಸೆಪ್ಟೆಂಬರ್ 18, ಗುರುವಾರ. 161/102

ಮೆಟ್ರೋದಲ್ಲಿ ನನ್ನ ಪಕ್ಕದ ಸೀಟು ಆಫೀಸಿರುವ ಓತೆಮಾಚಿಯವರೆಗೂ ಖಾಲಿ. ಜನ ನಿಂತಿದ್ದರು, ಕೂರಲಿಲ್ಲ. ಆರು ವರ್ಷದಿಂದ ಹೀಗೇ ಆಗುತ್ತಿದೆ. ಅದನ್ನು ನನ್ನ ಅದೃಷ್ಟ ಅಂದುಕೊಂಡು ಬ್ಯಾಗು ಇಟ್ಟುಕೊಳ್ಳುತ್ತಿದ್ದೆ.

ಬಸ್ಸಿನಲ್ಲಿ ಬೂದು ಟೋಪಿಯವನೊಬ್ಬ ಹೊಸದಾಗಿ ಬರತೊಡಗಿದ್ದಾನೆ. ಕೈಯಲ್ಲಿ ಫೋನು, ಇನ್ನೊಂದರಲ್ಲಿ ಕೊಡೆ, ಬಿಸಿಲಿದ್ದರೂ. ನಾನು ಉಸಿರಾಡಿದರೂ ರೆಕಾರ್ಡ್ ಮಾಡುತ್ತಾನೆ. ಕಿನೋಶಿತಾ ನನ್ನನ್ನು ಕಂಡು ಬಾಗಿದರು. ನಾನು ಬಾಗಲಿಲ್ಲ.

ಸೆಪ್ಟೆಂಬರ್ 20, ಶನಿವಾರ. 160/100

ಉಮಾಶಂಕರನ ಮನೆಯಲ್ಲಿ ಸಭೆ. ಏಳು ಜನ. ಒಬ್ಬ ಪತ್ರಿಕೆಗೆ ಬರೆಯೋಣ ಅಂದ, ಒಬ್ಬ ರಾಯಭಾರ ಕಚೇರಿ ಅಂದ. ಚಕ್ಕುಲಿ ಮುಗಿಯುವ ಹೊತ್ತಿಗೆ ಉಮಾಶಂಕರನಿಗೆ ಹೊಳೆಯಿತು.

"ಜಗಳ ಯಾಕ್ರಯ್ಯ? ಸನ್ಮಾನ ಮಾಡೋಣ! ಶಾಲು ಹೊದಿಸಿ, ಪೇಟ ಇಟ್ಟು, ಹಾರ ಹಾಕಿ ಕೂರ್ಸಿದ್ರೆ ಯಾವ ನನ್ಮಗ ಕೂರಲ್ಲ ಅಂತಾನೆ? ನಮ್ ತಾಲ್ಲೂಕಲ್ಲಿ ಒಬ್ರೂ ಇಲ್ಲ."

ಮಾತು ನಿಜ. ಸನ್ಮಾನಕ್ಕೆ ಕರೆದರೆ ಕೂರದ ಮನುಷ್ಯನನ್ನು ನಾನೂ ಕಂಡಿಲ್ಲ. ನಮ್ಮ ಸಂಸ್ಕೃತಿಯೂ ಪ್ರಚಾರವಾಯಿತು, ಅವರ ಮೈಲಿಗೆಯೂ ಬಯಲಾಯಿತು. ಹೋದ ರಾಜ್ಯೋತ್ಸವದಲ್ಲಿ ಉಳಿದ ಮೈಸೂರು ಪೇಟ ಒಂದು ಇದೆ. ಹಾರ ಹಿಡಿಯಲು ಗುಂಪಿನ ಹೊಸ ಹುಡುಗ ಅನೂಪನನ್ನು ಒಪ್ಪಿಸಿದೆವು. ಪಾಪ, ಜಪಾನಿಗೆ ಬಂದು ಮೂರು ವಾರವಾಗಿದೆ. ಇಲ್ಲಿ ಇದೆಲ್ಲ ರೂಢಿಯೇನೋ ಅಂದುಕೊಂಡಿದ್ದಾನೆ.

ನೀರಜಾ ಬರುವುದಿಲ್ಲ ಅಂದಳು. "ಕೂರ್ಸೋದು ಬಿಡಿ, ಯಾಕೆ ಕೂರಲ್ಲ ಅಂತ ಒಂದ್ಸಲ ಕೇಳಿದ್ರಾ?" ಅಂದಳು. ಗೊತ್ತಿರುವುದನ್ನು ಏನು ಕೇಳುವುದು?

ಸೆಪ್ಟೆಂಬರ್ 22, ಸೋಮವಾರ

ಬಿ.ಪಿ. ನೋಡಿಲ್ಲ. ಹಣೆಗೆ ಮೂರು ಹೊಲಿಗೆ. ನಾಳೆ ಬರೆಯುತ್ತೇನೆ.

ಸೆಪ್ಟೆಂಬರ್ 23, ಮಂಗಳವಾರ. 168/106

ರಜ. ಮನೆಯಲ್ಲಿ ಯಾರೂ ನನ್ನ ಜೊತೆ ಮಾತಾಡುತ್ತಿಲ್ಲ, ಆದ್ದರಿಂದ ಬರೆಯಲು ಬೇಕಾದಷ್ಟು ಹೊತ್ತಿದೆ.

ಎಂಟು ಇಪ್ಪತ್ತೈದರ ಬಸ್ಸಿಗೆ ಏಳು ಜನ ಹತ್ತಿದೆವು. ನಾನು ಜುಬ್ಬಾ ಹಾಕಿದ್ದೆ. ಉಮಾಶಂಕರನ ಕೈಯಲ್ಲಿ ಹಣ್ಣಿನ ಬುಟ್ಟಿ. ಕಿನೋಶಿತಾ ಎಂದಿನ ಕಂಬದ ಹತ್ತಿರ ನಿಂತಿದ್ದರು. ಬೂದು ಟೋಪಿ ಹಿಂದೆ. ನಾನು ಬಾಯಿಪಾಠ ಮಾಡಿದ್ದ ಜಪಾನಿ ಭಾಷಣ ಶುರುಮಾಡಿದೆ. ಶಾಲು ಹೊದಿಸಿದೆವು. ಅವರು ಗಾಬರಿಯಿಂದ ಬಾಗಿದರು. ಬಾಗಿದ ತಲೆಗೆ ಉಮಾಶಂಕರ ಪೇಟ ಇಟ್ಟುಬಿಟ್ಟ, ಅದು ಕಣ್ಣಿನವರೆಗೂ ಇಳಿಯಿತು. ಅಲ್ಲಿಯವರೆಗೆ ಬಸ್ಸಿನಲ್ಲಿ ಒಂದಿಬ್ಬರು ನಗುತ್ತಲೂ ಇದ್ದರು.

ಆಮೇಲೆ ಕೂರಿಸಬೇಕಲ್ಲ. ಬೇಡ ಅಂದರು. ಎರಡು ಕೈಯನ್ನೂ ಅಡ್ಡ ಹಿಡಿದು ಬೇಡ ಬೇಡ ಅಂದರು. ನಾವು ಬಿಡುತ್ತೇವೆಯೇ? ಬಲ ಭುಜ ಉಮಾಶಂಕರ ಹಿಡಿದ, ಎಡ ಭುಜ ನಾನು. ಕೂತ್ಕೊಳ್ಳಿ ಕೂತ್ಕೊಳ್ಳಿ ಎನ್ನುತ್ತಾ ಇಬ್ಬರೂ ಸೇರಿ ಒತ್ತಿ ಕೂರಿಸಿದೆವು.

ಅವರು ಕಿರುಚಿದ್ದು ಇನ್ನೂ ಕಿವಿಯಲ್ಲಿದೆ. ಪೇಟದ ಒಳಗಿಂದ ಬಂದ ಕೂಗು.

ಬೂದು ಟೋಪಿಯವನು ನುಗ್ಗಿದ. ನಿಮ್ಮ ದೇಶಕ್ಕೆ ತೊಲಗಿ ಅನ್ನುತ್ತಾ ಕೊಡೆ ಬೀಸಿದ. ಅದು ಹಾರ ಹಿಡಿದು ಸುಮ್ಮನೆ ನಿಂತಿದ್ದ ಅನೂಪನ ಮುಖಕ್ಕೆ ಬಿತ್ತು. ಮೂಗಿನಿಂದ ರಕ್ತ ಧಾರಾಕಾರ. ಹುಡುಗನಿಗೆ ಬರುವ ಜಪಾನಿ ಅಂದರೆ ಸುಮಿಮಾಸೆನ್ ಒಂದೇ, ಅದನ್ನೇ ಹೇಳಿದ, ಹೊಡೆದವನಿಗೆ. ಉಮಾಶಂಕರ ಬುಟ್ಟಿ ಎಸೆದ. ಬಸ್ಸಿನ ತುಂಬ ಮೂಸಂಬಿ. ಎರಡನೇ ಏಟು ನನ್ನ ಹಣೆಗೆ. ಅಷ್ಟರಲ್ಲಿ ಸೂಟು ಹಾಕಿದ ಒಬ್ಬ ಮಧ್ಯವಯಸ್ಸಿನವನು ನಡುವೆ ಬಂದ. ಅವನು ಬಂದದ್ದು ಮುದುಕರನ್ನು ಎಬ್ಬಿಸಲು, ಅಷ್ಟೇ. ನಾನು ಅವನ ಮುಖಕ್ಕೆ ಗುದ್ದಿದೆ. ಗುದ್ದುವಾಗ ಒಂದು ಮಾತು ಬೈದೆ, ಅವರೆಲ್ಲರಿಗೂ ಸೇರಿಸಿ. ಅದನ್ನು ಇಲ್ಲಿ ಬರೆಯುವುದಿಲ್ಲ. ಕಣ್ಣಿನ ಆಕಾರದ ಬಗ್ಗೆ. ಯಾಮಿನಿಯ ಗೆಳತಿಯರಿಗೆಲ್ಲ ಇರುವ ಕಣ್ಣು.

ಠಾಣೆಯಲ್ಲಿ ಎಲ್ಲರನ್ನೂ ಕೂರಿಸಿದರು. ಕಿನೋಶಿತಾರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ವಾಪಸ್ಸು ಕರೆತಂದಿದ್ದರು. ಅವರಿಗೂ ಕುರ್ಚಿ ತೋರಿಸಿದರು. ಬೇಡ ಅಂದರು. ಇಪ್ಪತ್ತೈದು ವರ್ಷದ ಪೊಲೀಸಿನವನು ಎರಡನೇ ಸಲ ಕೂರಿ ಅನ್ನಲಿಲ್ಲ. ಪೆನ್ನು ತೆಗೆದು, "ಯಾಕೆ?" ಅಂದ.

ಕಿನೋಶಿತಾ ತುಂಬ ಮೆಲ್ಲಗೆ ಏನೋ ಹೇಳಿದರು. ನನಗೆ ಜಪಾನಿ ಬರುತ್ತದೆ ಎಂದರೂ ನಿಯಮದ ಪ್ರಕಾರ ಪೊಲೀಸಿನವನು ಮೇಜಿನ ಮೇಲೆ ಅನುವಾದದ ಯಂತ್ರ ಇಟ್ಟಿದ್ದ. ಅದು ಸಿಹಿಯಾದ ಹೆಣ್ಣು ದನಿಯಲ್ಲಿ, ಠಾಣೆಗೆಲ್ಲ ಕೇಳುವ ಹಾಗೆ, ಅಚ್ಚ ಕನ್ನಡದಲ್ಲಿ ಹೇಳಿತು:

"ನನಗೆ ಮೂಲವ್ಯಾಧಿಯ ಶಸ್ತ್ರಚಿಕಿತ್ಸೆ ಆಗಿದೆ. ದಿನವೂ ಗಾಯಕ್ಕೆ ಬಟ್ಟೆ ಕಟ್ಟಿಸಿಕೊಳ್ಳಲು ಬಸ್ಸಿನಲ್ಲಿ ಆಸ್ಪತ್ರೆಗೆ ಹೋಗುತ್ತೇನೆ. ಕುಳಿತುಕೊಳ್ಳಲು ಆಗುವುದಿಲ್ಲ. ಹೇಳಲು ನಾಚಿಕೆಯಾಯಿತು. ಎಲ್ಲರಿಗೂ ತೊಂದರೆ ಕೊಟ್ಟಿದ್ದಕ್ಕೆ ಕ್ಷಮೆ ಇರಲಿ."

ಉಮಾಶಂಕರ ನೆಲ ನೋಡತೊಡಗಿದ. ಎರಡು ವಾರದಿಂದ ನಾನು ಆ ಸೀಟು ಒರೆಸಿದ್ದೇನೆ, ಸುತ್ತ ಕಾವಲು ನಿಂತಿದ್ದೇನೆ, ಕೊನೆಗೆ ಹೊಲಿಗೆಯ ಮೇಲೆಯೇ ಒತ್ತಿ ಕೂರಿಸಿದ್ದೇನೆ. ಎರಡು ಹೊಲಿಗೆ ಬಿಟ್ಟಿವೆಯಂತೆ. ಭೂಮಿ ಬಾಯಿಬಿಡಬಾರದೇ ಅನಿಸಿತು.

ದೂರು ಬೇಡ ಅಂದರಂತೆ ಕಿನೋಶಿತಾ. ಸೂಟಿನವನು ಇನ್ನೂ ಏನೂ ಹೇಳಿಲ್ಲ. ಅನೂಪನ ಮೂಗಿನ ಮೂಳೆ ಮುರಿದಿದೆ. ಬೂದು ಟೋಪಿಯವನನ್ನು ಒಳಗೆ ಹಾಕಿದರು, ನನ್ನನ್ನು ಎಚ್ಚರಿಸಿ ಬಿಟ್ಟರು. ಅವನ ಕೈಯಲ್ಲಿ ಕೊಡೆ ಇತ್ತು, ನನ್ನ ಕೈ ಖಾಲಿ ಇತ್ತು. ಇನ್ನೇನು ವ್ಯತ್ಯಾಸ ಎಂದು ಯೋಚಿಸುತ್ತಿದ್ದೇನೆ, ಹೊಳೆಯುತ್ತಿಲ್ಲ.

ಸೆಪ್ಟೆಂಬರ್ 25, ಗುರುವಾರ. 158/98

ಯಾಕೆ ಹೇಳಲಿಲ್ಲ ಪುಟ್ಟಿ ಅಂದೆ. "ಪ್ರಾಮಿಸ್ ಅಂದೆ ಅಲ್ವಾ. ನೀನು ಕೇಳ್ಲೇ ಇಲ್ಲ ಅವರನ್ನ" ಅಂದಳು.

ಬಾವುಟದ ತಾತ ಶಾಲೆಯ ಮುಂದೆ ಇಲ್ಲ. ಯಾಮಿನಿಯ ಜೊತೆ ಬರುತ್ತಿದ್ದ ಇಬ್ಬರು ಹುಡುಗಿಯರನ್ನು ಅವರ ಅಮ್ಮಂದಿರು ಬೇರೆ ದಾರಿಯಲ್ಲಿ ಕಳಿಸುತ್ತಿದ್ದಾರೆ. ಬೀದಿಯ ಕೊಂಬಿನಿ ಅಂಗಡಿಗೆ ಹಾಲು ತರಲು ಹೊರಟಾಗ ಅವಳು ನನಗಿಂತ ಹತ್ತು ಹೆಜ್ಜೆ ಮುಂದೆ ನಡೆದಳು. ಕರೆದೆ. ತಿರುಗಿ ಬಂದು, "ರಸ್ತೆಯಲ್ಲಿ ಕನ್ನಡ ಬೇಡ, ಪ್ಲೀಸ್" ಎಂದು ಪಿಸುಗುಟ್ಟಿದಳು. ಮತ್ತೆ ಹತ್ತು ಹೆಜ್ಜೆ ಮುಂದೆ ಹೋದಳು.

ನನಗೆ ಅಳು ಬಂತು. ಡಾಕ್ಟರಮ್ಮ ಅಳುವಿನ ಬಗ್ಗೆ ಏನೂ ಕೇಳಿಲ್ಲ.

ಸೆಪ್ಟೆಂಬರ್ 28, ಭಾನುವಾರ. 152/96

ಕಿನೋಶಿತಾರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಬಾಗಿಲಲ್ಲೇ ನಿಂತೆವು, ಇಬ್ಬರೂ. ಒಳಗೆ ಬನ್ನಿ ಅಂದರು, ಕೂರಿ ಅನ್ನಲಿಲ್ಲ. ಪೇಟವನ್ನು ಒಗೆದು, ಇಸ್ತ್ರಿ ಮಾಡಿಸಿ, ಡಬ್ಬಿಯಲ್ಲಿ ಹಾಕಿ ಇಟ್ಟಿದ್ದರು. ಪೇಟ ಒಗೆದು ಇಸ್ತ್ರಿ ಮಾಡುವ ವಸ್ತುವಲ್ಲ, ಚಪ್ಪಟೆಯಾಗಿದೆ. ತುಂಬ ಚೆನ್ನಾಗಿದೆ ಅಂದೆ.

ಯಾಮಿನಿ ಹೇಗಿದ್ದಾಳೆ ಎಂದು ಕೇಳಿದರು. ಹೆಸರನ್ನು ನಮ್ಮ ಉಮಾಶಂಕರನಿಗಿಂತ ಸ್ಪಷ್ಟವಾಗಿ ಹೇಳುತ್ತಾರೆ.

ಅಕ್ಟೋಬರ್ 6, ಸೋಮವಾರ. 150/95

ತಾತನ ಜಾಗಕ್ಕೆ ಪೋಷಕರು ಸರದಿಯಲ್ಲಿ ಬಾವುಟ ಹಿಡಿಯಬೇಕಂತೆ. ನಮ್ಮ ಮನೆಯ ಸರದಿ ಈ ವಾರ. ನಿಮಗೆ ಕಷ್ಟವಾದರೆ ಬೇಡ ಎಂದು ಪೋಷಕರ ಸಂಘದಿಂದ ಎರಡು ಸಲ ಬಲು ವಿನಯದ ಸಂದೇಶ ಬಂತು. ನೀರಜಾ ಬಾವುಟ ತಂದು ನನ್ನ ಕೈಗೆ ಕೊಟ್ಟಳು. "ನೀವೇ ಹೋಗ್ರಿ."

ನಲವತ್ತು ನಿಮಿಷ ಓಹಾಯೋ ಗೊಝಾಯಿಮಸು, ಶುಭೋದಯ, ಅಂದೆ. ಮೂರು ಮಕ್ಕಳು ಉತ್ತರ ಕೊಟ್ಟರು. ಯಾಮಿನಿ ಜಪಾನಿಯಲ್ಲಿ ಗೊತ್ತಿಲ್ಲದವರಿಗೆ ಹೇಳುವ ಹಾಗೆ ಹೇಳಿ, ಬಾಗಿ, ದಾಟಿ ಹೋದಳು.

ಅಕ್ಟೋಬರ್ 12, ಭಾನುವಾರ. 144/92

ವಾರ ಮುಗಿಯಿತು, ಮುಂದಿನ ಸರದಿಯವರಿಗೆ ಕಷ್ಟವಂತೆ, ನಾನೇ ಮುಂದುವರಿಸುತ್ತೇನೆ ಅಂದೆ. ಸೂಟಿನವನಿಗೆ ಬರೆದ ಕ್ಷಮಾಪತ್ರಕ್ಕೆ ಉತ್ತರ ಬಂತು, ಒಂದೇ ಸಾಲು. ತಲುಪಿತು ಎಂದು. ಅಷ್ಟಾದರೂ ಬರೆದನಲ್ಲ.

ಅಮ್ಮ ಫೋನ್ ಮಾಡಿದ್ದಳು. ಮಹಡಿ ಮನೆ ಇನ್ನೂ ಖಾಲಿ. ಆ ಟೀಚರುಗಳು ಮತ್ತೆ ಕೇಳಿಕೊಂಡು ಬಂದಿದ್ದರಂತೆ, ಇಲ್ಲ ಅಂದಳಂತೆ.

"ಯಾಕಮ್ಮ?" ಅಂದೆ.

"ಏನೋ ಹಂಗಂತೀಯ? ನೀನೇ ಅಲ್ವೇನೋ ಬೇಡ ಅಂದಿದ್ದು?"

ಕೊಟ್ಟುಬಿಡು ಅಂದೆ. ಅಡುಗೆಮನೆ ಅಂದಳು. ಅಡುಗೆಮನೆ ಇರುವುದೇ ಅಡುಗೆ ಮಾಡುವುದಕ್ಕೆ ಅಂದೆ. ಚಳಿ ಶುರುವಾಗಿದೆ, ಸ್ವೆಟರು ಹುಡುಕಬೇಕು.

ಅಕ್ಟೋಬರ್ 17, ಶುಕ್ರವಾರ. 138/90

ಬಸ್ಸಿನಲ್ಲಿ ಕಿನೋಶಿತಾ ಸಿಕ್ಕರು, ಕೊನೆಯ ತಪಾಸಣೆಯಂತೆ. ಒಂದೇ ಸೀಟು ಖಾಲಿ ಇತ್ತು. ಬಸ್ಸಿನ ಜನರಿಗೆಲ್ಲ ನಮ್ಮ ಪರಿಚಯ ಚೆನ್ನಾಗಿಯೇ ಇದೆ, ಎಲ್ಲರೂ ಉಸಿರು ಹಿಡಿದರು. ನಾನು ಕೈ ಎರಡನ್ನೂ ಜೇಬಿನಲ್ಲಿಟ್ಟುಕೊಂಡೆ. ಅವರು ಸೀಟು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಬಿಸಿನೀರಿನ ತೊಟ್ಟಿಗೆ ಇಳಿಯುವವರ ಹಾಗೆ, ಮೊದಲು ಒಂದು ಕಡೆ, ಆಮೇಲೆ ಇನ್ನೊಂದು ಕಡೆ, ಕೂತರು. ಡ್ರೈವರ್ ಮೈಕಿನಲ್ಲಿ ಅರಿಗಾತೋ ಗೊಝಾಯಿಮಸು, ಧನ್ಯವಾದ, ಅಂದ. ಯಾರಿಗೆ ಹೇಳಿದನೋ ಗೊತ್ತಿಲ್ಲ.

ಅಕ್ಟೋಬರ್ 20, ಸೋಮವಾರ. 134/88

ಕಿನೋಶಿತಾ ಇವತ್ತಿನಿಂದ ಬಾವುಟಕ್ಕೆ ವಾಪಸ್ಸು. ನನ್ನನ್ನು ಬಿಡಿಸುತ್ತಾರೆ ಅಂದುಕೊಂಡಿದ್ದೆ. ರಸ್ತೆಯ ಆ ಬದಿಗೆ ಅವರು ನಿಂತು, ಈ ಬದಿಯನ್ನು ನನಗೆ ತೋರಿಸಿದರು.

ಎಂಟಕ್ಕೆ ಐದು ನಿಮಿಷ. ಮಕ್ಕಳ ದೊಡ್ಡ ಹಿಂಡು, ಹಿಂದೆ ಅಮ್ಮಂದಿರು, ಸೈಕಲ್ಲುಗಳು. ತಾತನನ್ನು ಕಂಡು ಎಲ್ಲರೂ ಕೂಗಿದರು. ಯಾಮಿನಿಯೂ ಕೂಗಿದಳು, ಬಾಗಿದಳು, ಓಡಿ ದಾಟಿದಳು. ಇನ್ನೇನು ಗೇಟು ಹೊಕ್ಕಳು ಅನ್ನುವಾಗ ತಿರುಗಿ ನಿಂತಳು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಎರಡೂ ಕೈ ಬಾಯಿಗೆ ಹಿಡಿದು, ಬೀದಿಗೆಲ್ಲ ಕೇಳುವ ಹಾಗೆ, ಕನ್ನಡದಲ್ಲಿ ಕಿರುಚಿದಳು:

"ಅಪ್ಪಾ! ಬಾವುಟ ಉಲ್ಟಾ ಹಿಡ್ಕೊಂಡಿದ್ದೀಯ!"

ಹದಿನೈದು ದಿನದಿಂದ ಹಾಗೇ ಹಿಡಿದಿದ್ದೆನಂತೆ. ಯಾರೂ ಹೇಳಿರಲಿಲ್ಲ, ಮರ್ಯಾದೆಗೆ. ನೇರ ಮಾಡಿಕೊಂಡೆ.